ಕೈಗುಣಕ್ಕೆ ಕಾರಣ ಹುಡುಕಿದ ದೊಡ್ಡಕ್ಕ

ನಮ್ಮ ಲ್ಯಾಬಿನಲ್ಲಿ ಎಲ್ಲರೂ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವರಿಗಿಂತ ಎರಡು ವರ್ಷ ಹಿರಿಯರಾದ ಪ್ರೊಫೆಸರ್ ಕೂಡ. ಯಾರೋ ಒಮ್ಮೆ ಅದನ್ನು ಎತ್ತಿ ಆಡಿದಾಗ ಪ್ರೊಫೆಸರ್, "ವಯಸ್ಸಲ್ಲಿ ನಾನು ದೊಡ್ಡವನು, ಸೆಲ್ ಬೆಳೆಸೋದ್ರಲ್ಲಿ ಅವರು ದೊಡ್ಡವರು," ಎಂದರು. ದೊಡ್ಡಕ್ಕ ಕೈಯಲ್ಲಿದ್ದ ಪಿಪೆಟ್‌ನಿಂದ ಕಣ್ಣು ಕೀಳದೆ, "ಹಾಗಾದ್ರೆ ಸಂಬಳದಲ್ಲೂ ಒಂದು ಸಲ ದೊಡ್ಡವಳನ್ನ ಮಾಡಿ ಸರ್," ಎಂದರು.

ಅವರ ಹುದ್ದೆಯ ಹೆಸರು ಟೆಕ್ನಿಷಿಯನ್. ಮೂರನೇ ಮಹಡಿಯ ಕೊನೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಅವರ ಕೆಲಸದ ಜಾಗ. ಅಲ್ಲಿ ಎರಡು ಇನ್‌ಕ್ಯುಬೇಟರ್, ಒಂದು ಮೈಕ್ರೋಸ್ಕೋಪ್, ಸೋಸಿದ ಗಾಳಿ ಬೀಸುವ ಗಾಜಿನ ಗೂಡು, ಮತ್ತು ಒಂದು ಕಾಲಿನ ಕೆಳಗೆ ರಟ್ಟು ಮಡಚಿಟ್ಟ ಸ್ಟೂಲು. ಬೆಳಿಗ್ಗೆ ಎಂಟೂ ಹತ್ತಕ್ಕೆ ಬಂದು, ಬಳೆ ಉಂಗುರ ತೆಗೆದು ಕೋಟಿನ ಜೇಬಿಗೆ ಹಾಕಿ, ಮೊಣಕೈವರೆಗೆ ಕೈ ತೊಳೆದು ಒಳಗೆ ಹೋದರೆ, ಹನ್ನೊಂದರವರೆಗೆ ಅವರನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಸ್ಪಿರಿಟ್‌ನಿಂದ ಒರೆಸಿ ಒರೆಸಿ ಅವರ ಬೆರಳ ತುದಿಗಳು ಬಿಳಿಚಿಕೊಂಡಿದ್ದವು.

ಅವರು ಬೆಳೆಸುತ್ತಿದ್ದದ್ದು ಹೃದಯದ ಸ್ನಾಯುವಿನ ಜೀವಕೋಶಗಳನ್ನು. ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಅವು ತೆಳುವಾದ ಪದರವಾಗಿ ಹರಡಿ, ಎರಡು ವಾರ ಕಳೆಯುವ ಹೊತ್ತಿಗೆ ಎಲ್ಲವೂ ಒಟ್ಟಿಗೆ ಬಡಿಯಲು ತೊಡಗುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇಡೀ ಪದರ ನಿಮಿಷಕ್ಕೆ ಐವತ್ತು ಸಲ ಚಿಟಿಕೆ ಹೊಡೆದಂತೆ ಮಿಡುಕುತ್ತದೆ. ನಾನು ವಿದ್ಯಾರ್ಥಿಯಾಗಿ ಸೇರಿದ ಮೊದಲ ದಿನ ಅದನ್ನು ನೋಡಿ ಬಾಯಿ ತೆರೆದು ನಿಂತಿದ್ದೆ. "ಬಾಯಿ ಮುಚ್ಚಿ, ಉಸಿರಲ್ಲಿರೋ ಕ್ರಿಮಿ ಎಲ್ಲಾ ಒಳಗೆ ಹೋಗುತ್ತೆ," ಎಂದದ್ದು ದೊಡ್ಡಕ್ಕ ನನಗೆ ಹೇಳಿದ ಮೊದಲ ಮಾತು.

ಹತ್ತೊಂಬತ್ತು ವರ್ಷದಿಂದ ಅವರು ಅಲ್ಲಿದ್ದರೂ ಹುದ್ದೆ ಕಾಯಂ ಆಗಿರಲಿಲ್ಲ. ಪ್ರತಿ ವರ್ಷ ಕಚೇರಿಯಿಂದ ಒಂದು ನಮೂನೆ ಬರುತ್ತಿತ್ತು. ಅದರ ಆರನೇ ಕಲಂ: ಈ ವ್ಯಕ್ತಿಯನ್ನು ಮುಂದುವರಿಸಲು ಕಾರಣವೇನು? ಪ್ರೊಫೆಸರ್ ಪ್ರತಿ ಸಲವೂ ಒಂದೇ ವಾಕ್ಯ ಬರೆಯುತ್ತಿದ್ದರು: "ಈ ಪ್ರಯೋಗವನ್ನು ಯಶಸ್ವಿಯಾಗಿ ಮಾಡಬಲ್ಲವರು ಇವರೊಬ್ಬರೇ." ಅಷ್ಟರಿಂದಲೇ ಇನ್ನೊಂದು ವರ್ಷ ಸಿಗುತ್ತಿತ್ತು. ಅಕ್ಕಪಕ್ಕದ ಲ್ಯಾಬುಗಳಲ್ಲಿ ಹಾಗೆ ಬರೆಸಿಕೊಳ್ಳಲಾಗದ ನಾಲ್ಕು ಮಂದಿ ಹಿಂದಿನ ಎರಡು ವರ್ಷಗಳಲ್ಲಿ ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದರು.

ಆ ವಾಕ್ಯ ಸುಳ್ಳೇನೂ ಆಗಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ಇಪ್ಪತ್ತೇಳನೇ ನಂಬರಿನ ಒಂದು ರಾಸಾಯನಿಕವಿತ್ತು. ಹೃದಯಾಘಾತದಲ್ಲಿ ರಕ್ತ ನಿಂತು, ಆಮ್ಲಜನಕ ಸಿಗದೆ ಸ್ನಾಯುವಿನ ಕೋಶಗಳು ಸಾಯುತ್ತವಲ್ಲ, ಅವನ್ನು ಈ ಇಪ್ಪತ್ತೇಳು ಕಾಪಾಡುತ್ತದೆಯೇ ಎಂಬುದು ಪ್ರಶ್ನೆ. ಪ್ರಯೋಗ ಸರಳ. ತಟ್ಟೆಯಲ್ಲಿನ ಕೋಶಗಳನ್ನು ತೊಳೆಯಬೇಕು, ಅರ್ಧದಷ್ಟು ತಟ್ಟೆಗಳಿಗೆ ಐದು ನಿಮಿಷ ಇಪ್ಪತ್ತೇಳು ಹಾಕಬೇಕು, ಉಳಿದವಕ್ಕೆ ಬರೀ ದ್ರಾವಣ. ಮತ್ತೆ ತೊಳೆದು, ಆಮ್ಲಜನಕ ತೆಗೆದ ಡಬ್ಬಿಯಲ್ಲಿ ಮೂರು ಗಂಟೆ ಮುಚ್ಚಿಡಬೇಕು. ಮರುದಿನ ನೀಲಿ ಬಣ್ಣ ಹಾಕಿದರೆ ಸತ್ತ ಕೋಶಗಳು ಮಾತ್ರ ನೀಲಿಯಾಗುತ್ತವೆ. ಎಣಿಸುವುದು ನನ್ನ ಕೆಲಸ. ಯಾವ ತಟ್ಟೆ ಯಾವುದೆಂದು ನನಗೆ ಗೊತ್ತಾಗದ ಹಾಗೆ ಚೀಟಿ ಮುಚ್ಚಿರುತ್ತಿದ್ದರು. ಬರೀ ದ್ರಾವಣದ ತಟ್ಟೆಯಲ್ಲಿ ನೂರಕ್ಕೆ ಮೂವತ್ತೈದು ಕೋಶ ಬದುಕಿದರೆ, ಇಪ್ಪತ್ತೇಳರ ತಟ್ಟೆಯಲ್ಲಿ ಎಪ್ಪತ್ತು. ಎರಡು ವರ್ಷದಲ್ಲಿ ಮೂವತ್ತೊಂದು ಸಲ ದೊಡ್ಡಕ್ಕ ಮಾಡಿದ್ದರು, ಮೂವತ್ತೊಂದು ಸಲವೂ ಅಷ್ಟೇ ಬಂದಿತ್ತು.

ನಾವು ಅದನ್ನು ಪ್ರಕಟಿಸಿದೆವು. ಏಳು ತಿಂಗಳಿಗೆ ಬೇರೊಂದು ಸಂಸ್ಥೆಯಿಂದ ಪತ್ರ ಬಂತು. ನೀವು ಬರೆದ ವಿಧಾನದಂತೆಯೇ ಆರು ಸಲ ಮಾಡಿದೆವು, ನಮಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ, ಎಲ್ಲಿ ತಪ್ಪಿದ್ದೇವೆಂದು ದಯವಿಟ್ಟು ತಿಳಿಸುವಿರಾ ಎಂದು. ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಹೊಡೆದ ಹಾಗಿತ್ತು. ಅದೇ ವಾರ ಲ್ಯಾಬಿಗೆ ಸೇರಿದ್ದ ಸಂಶೋಧಕಿಗೆ ಪ್ರೊಫೆಸರ್ ಈ ಕೆಲಸ ವಹಿಸಿದರು. ಅವಳನ್ನು ಎಲ್ಲರೂ ಹೊಸಬಳು ಎನ್ನುತ್ತಿದ್ದೆವು. ಡಾಕ್ಟರೇಟ್ ಮುಗಿಸಿ ಬಂದಿದ್ದವಳು, ಶಿಸ್ತಿನವಳು. ದೊಡ್ಡಕ್ಕ ಹಿಂದೆ ತಾವೇ ಬರೆದಿಟ್ಟ ಒಂದು ಪುಟದ ವಿಧಾನವನ್ನು ಗೂಡಿನ ಗಾಜಿಗೆ ಅಂಟಿಸಿಕೊಂಡು ನಾಲ್ಕು ಸಲ ಮಾಡಿದಳು. ನಾಲ್ಕು ಸಲವೂ ಮೂವತ್ತಾರು, ಮೂವತ್ತನಾಲ್ಕು, ಹೀಗೆ. ಇಪ್ಪತ್ತೇಳು ಹಾಕಿದರೂ ಒಂದೇ, ಬಿಟ್ಟರೂ ಒಂದೇ.

"ನಿನ್ನ ಕೈ ಭಾರ ಕಣೇ ಹುಡುಗಿ," ಎಂದರು ದೊಡ್ಡಕ್ಕ. "ತಟ್ಟೆನ ಟೇಬಲ್ ಮೇಲೆ ಇಡೋದು ನೋಡು, ಯಾರ ಮೇಲೋ ಸಿಟ್ಟು ಇರೋ ಹಾಗೆ."

"ನನಗೆ ಸಿಟ್ಟೇ ಬರಲ್ಲ ದೊಡ್ಡಕ್ಕ."

"ಬರಲ್ಲ ಅನ್ನೋರ ಕೈಯೇ ಭಾರ ಇರೋದು."

ಐದನೇ ಸಲ ಅವಳು ತಟ್ಟೆಗಳನ್ನು ಮಲಗಿದ ಮಗುವನ್ನು ಎತ್ತಿದಂತೆ ಎತ್ತಿ ಇಟ್ಟಳು. ಮೂವತ್ತೈದು.

ಪ್ರೊಫೆಸರ್ ಊಟದ ಕೋಣೆಗೆ ಬಂದು ಕುರ್ಚಿ ಎಳೆದು ಕೂತರು. "ಕೆಲವರ ಕೈಗುಣ ಹಾಗಿರುತ್ತಪ್ಪ. ದೊಡ್ಡಕ್ಕ, ನೀವೇ ಇನ್ನೂ ಹತ್ತು ಸಲ ಮಾಡಿಕೊಟ್ಟುಬಿಡಿ. ಫಲಿತಾಂಶ ಮತ್ತೆ ಬಂತು ಅಂತ ಅವರಿಗೆ ಬರೆಯೋಣ."

ದೊಡ್ಡಕ್ಕ ಊಟದ ಡಬ್ಬಿಯ ಮುಚ್ಚಳ ಹಾಕಿದರು. "ಕೈಗುಣ ಅಂತ ಪೇಪರಲ್ಲಿ ಬರೆಯೋಕಾಗುತ್ತಾ ಸರ್? ನನ್ನ ಕೈಯಲ್ಲಿ ಮಾತ್ರ ಕೆಲಸ ಮಾಡೋ ಔಷಧಿ ಯಾವ ರೋಗಿಗೆ ಬೇಕು? ಪ್ರತಿ ಆಸ್ಪತ್ರೆಗೂ ನನ್ನನ್ನ ಕಳಿಸ್ತೀರಾ?"

"ಹಾಗಲ್ಲ..."

"ಇವಳೂ ಸರಿಯಾಗೇ ಮಾಡ್ತಿದಾಳೆ. ನಾನು ಮೂರು ದಿನದಿಂದ ಆಗಾಗ ಬಂದು ಇವಳ ಕೈ ನೋಡ್ತಿದೀನಿ. ನಾನೇನೋ ಬೇರೆ ಮಾಡ್ತಿದೀನಿ, ಅದೇನು ಅಂತ ನನಗೇ ಗೊತ್ತಿಲ್ಲ."

ಹೊಸಬಳು ತುತ್ತು ಕೈಯಲ್ಲೇ ಹಿಡಿದು ಅವರನ್ನೇ ನೋಡಿದಳು. ಆ ಮಾತನ್ನು ಅಲ್ಲಿದ್ದ ಬೇರೆ ಯಾರು ಹೇಳಿದ್ದರೂ ಅದಕ್ಕೆ ಅಷ್ಟು ತೂಕ ಇರುತ್ತಿರಲಿಲ್ಲ. ನಮೂನೆ ಬರಲು ಇನ್ನು ಎಂಟು ತಿಂಗಳಿತ್ತು. ಆರನೇ ಕಲಂನ ವಾಕ್ಯ ನಿಂತಿದ್ದದ್ದೇ ಆ ಗೊತ್ತಿಲ್ಲದ ಸಂಗತಿಯ ಮೇಲೆ. ಅದು ಗೊತ್ತಾದ ದಿನ ವಾಕ್ಯ ಬೀಳುತ್ತದೆ ಎಂಬುದನ್ನು ದೊಡ್ಡಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನೆಯಲ್ಲಿ ಅವರ ಯಜಮಾನರು ಬಿಡಿಸಿಯೇ ಹೇಳಿದರಂತೆ. ಅವರದು ಬಸ್ ನಿಲ್ದಾಣದ ಹಿಂದೆ ಎರಡು ಕುರ್ಚಿಯ ಕ್ಷೌರದ ಅಂಗಡಿ. "ನನ್ನ ಹತ್ತಿರ ಕೆಲಸ ಕಲಿತವನು ಎದುರಿಗೇ ಅಂಗಡಿ ಇಟ್ಟ. ಇವತ್ತು ನನ್ನ ಗಿರಾಕಿಗಳೆಲ್ಲ ಅವನ ಕನ್ನಡಿ ಮುಂದೆ ಕೂತು ನನ್ನ ಕಡೆ ಕೈ ಬೀಸ್ತಾರೆ. ಕೈಯಲ್ಲಿರೋ ವಿದ್ಯೆನ ಕಾಗದಕ್ಕೆ ಇಳಿಸಬಾರದು. ತಲೆ ಮೇಲೆ ನೀನೇ ಚಪ್ಪಡಿ ಎಳ್ಕೋತಿದೀಯ."

"ನಿಮ್ಮ ಗಿರಾಕಿ ಕಟಿಂಗ್ ಕೆಟ್ಟರೆ ಒಂದು ತಿಂಗಳಿಗೆ ಕೂದಲು ಬೆಳೆಯುತ್ತೆ ಕಣ್ರೀ, ಸತ್ತ ಹೃದಯ ಬೆಳೆಯಲ್ಲ," ಎಂದರಂತೆ ದೊಡ್ಡಕ್ಕ. ಇದನ್ನೆಲ್ಲ ಅವರು ಎಷ್ಟೋ ದಿನದ ಮೇಲೆ, ತಟ್ಟೆ ಒರೆಸುತ್ತಾ ನಗುತ್ತಾ ಹೇಳಿದ್ದು. ಆ ದಿನಗಳಲ್ಲಿ ಅವರು ನಗುತ್ತಿರಲಿಲ್ಲ.

ಮರುದಿನ ಹೊಸಬಳಿಗೆ ಹೇಳಿದರು: "ನೀನು ನನ್ನ ಪಕ್ಕ ಕೂತ್ಕೋ. ಕೈಯಲ್ಲಿ ಸ್ಟಾಪ್‌ವಾಚ್ ಇರಲಿ. ನಾನು ಕೆಮ್ಮಿದರೂ ಬರ್ಕೋ."

ಅವಳು ಬರೆದುಕೊಂಡಳು. ತಟ್ಟೆಯ ಯಾವ ಅಂಚಿನಿಂದ ದ್ರಾವಣ ಸುರಿದರು, ತಟ್ಟೆಯನ್ನು ಎಷ್ಟು ಓರೆ ಮಾಡಿದರು, ಬಾಟಲಿ ಎಷ್ಟು ಬೆಚ್ಚಗಿತ್ತು. ಎರಡು ದಿನದಲ್ಲಿ ಎರಡು ಪ್ರಯೋಗ, ಹನ್ನೆರಡು ಪುಟ, ಎಂಬತ್ತಮೂರು ಅಂಶ. ಒಂದೊಂದು ಅಂಶವನ್ನೂ ಬದಲಿಸಿ ನೋಡುವ ಯೋಜನೆ ಹಾಕಿಕೊಂಡಳು. ಮರುದಿನ ನಾನು ಎಣಿಸಿದೆ. ಚೀಟಿ ಬಿಚ್ಚಿದಾಗ ಇಪ್ಪತ್ತೇಳು ಹಾಕಿದ ತಟ್ಟೆಗಳಲ್ಲೂ ಮೊದಲ ದಿನ ಮೂವತ್ತೇಳು, ಎರಡನೇ ದಿನ ಮೂವತ್ತನಾಲ್ಕು.

ನಾನು ಎಣಿಸಿದ್ದೇ ತಪ್ಪೆಂದುಕೊಂಡು ಮತ್ತೆ ಎಣಿಸಿದೆ. ಅಷ್ಟೇ ಬಂತು. ಎರಡು ವರ್ಷದಲ್ಲಿ ಮೊದಲ ಸಲ ದೊಡ್ಡಕ್ಕನ ಪ್ರಯೋಗ ಸೋತಿತ್ತು.

ಪ್ರೊಫೆಸರರ ಮುಖ ಬಾಡಿತು. "ಹಾಗಾದ್ರೆ ಮೊದಲಿನ ಮೂವತ್ತೊಂದು ಸಲ ಬಂದದ್ದು ಏನು? ನಾವು ಪ್ರಕಟಿಸಿದ್ದೇ ತಪ್ಪಾ?" ಎಂದವರು ಉತ್ತರಕ್ಕೆ ಕಾಯದೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪ್ರಬಂಧ ಹಿಂದೆ ತೆಗೆದುಕೊಳ್ಳುವ ಮಾತು ಸಂಜೆಯ ಹೊತ್ತಿಗೆ ಮಹಡಿಯೆಲ್ಲ ಹಬ್ಬಿತ್ತು.

ದೊಡ್ಡಕ್ಕ ಮಾತ್ರ ಸ್ಟೂಲಿನ ಮೇಲೆ ಕೂತು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಯೋಚಿಸುತ್ತಿದ್ದರು. "ಹುಡುಗಿ, ನೀನು ಪಕ್ಕದಲ್ಲಿ ಗಡಿಯಾರ ಹಿಡಿದು ಕೂತಿದ್ದೆ. ನಾನು ಪರೀಕ್ಷೆಗೆ ಕೂತವಳ ಹಾಗೆ, ಅಲ್ಲಿ ಅಂಟಿಸಿದ್ದನ್ನ ನೋಡ್ಕೊಂಡು ಸಾಲು ತಪ್ಪದೆ ಮಾಡಿದೆ. ನಾನೇ ಬರೆದದ್ದು ನೋಡು, ನಾನೇ ತಪ್ಪಿದರೆ ಚೆನ್ನಾಗಿರುತ್ತಾ ಅಂತ. ಒಬ್ಬಳೇ ಇದ್ದಾಗ ಆ ಕಾಗದದ ಕಡೆ ತಿರುಗಿಯೂ ನೋಡಲ್ಲ."

"ಅಂದ್ರೆ ನೀವು ಬರೆದದ್ದು ಬೇರೆ, ಮಾಡೋದು ಬೇರೆ."

"ಹೌದು. ಆದರೆ ಏನು ಬೇರೆ? ನೀನು ನೋಡ್ತಿದ್ದರೆ ನಾನು ಅದನ್ನ ಮಾಡಲ್ಲ. ನೋಡದಿದ್ದರೆ ನಿನಗೆ ಗೊತ್ತಾಗಲ್ಲ. ಒಳ್ಳೇ ಪೇಚಾಟ."

ನೋಡದೆಯೂ ನೋಡಿದ್ದ ಒಂದು ವಸ್ತು ಆ ಕೋಣೆಯಲ್ಲಿತ್ತು. ಇನ್‌ಕ್ಯುಬೇಟರಿನ ಬಾಗಿಲು ತೆರೆದಾಗಲೆಲ್ಲ ಒಳಗಿನ ಶಾಖ ಇಳಿಯುತ್ತದೆ; ಅದರ ಬದಿಯಲ್ಲಿದ್ದ ಪುಟ್ಟ ಯಂತ್ರ ಬಾಗಿಲು ತೆರೆದ ಸಮಯವನ್ನು ಬೆರಳಗಲದ ಕಾಗದದ ಪಟ್ಟಿಯ ಮೇಲೆ ಅಚ್ಚು ಹಾಕುತ್ತಿತ್ತು. ಬೇರೆ ಲ್ಯಾಬುಗಳಲ್ಲಿ ಆ ಪಟ್ಟಿ ಕಸದ ಬುಟ್ಟಿಗೆ ಹೋಗುತ್ತದೆ. ದೊಡ್ಡಕ್ಕ ಪ್ರತಿ ಶನಿವಾರ ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದರು. ಯಾಕೆಂದು ಕೇಳಿದರೆ, "ಸುಮ್ಮನೆ ಎಸೆಯೋಕೆ ಮನಸ್ಸು ಬರಲ್ಲ," ಎನ್ನುತ್ತಿದ್ದರು.

ಇಬ್ಬರೂ ಎರಡು ವರ್ಷದ ನೋಟ್‌ಬುಕ್ಕುಗಳನ್ನು ಊಟದ ಮೇಜಿನ ಮೇಲೆ ಹರಡಿದರು. ಮೂವತ್ತೊಂದು ಪ್ರಯೋಗದ ದಿನಗಳ ಪಟ್ಟಿಗಳನ್ನು ಒಂದು ಕಡೆ ಸಾಲಾಗಿ, ಸೋತ ಎರಡು ದಿನದ್ದನ್ನು ಇನ್ನೊಂದು ಕಡೆ ಇಟ್ಟರು. ಮೊದಲು ಕಂಡದ್ದು ಹೊಸಬಳಿಗೆ.

"ದೊಡ್ಡಕ್ಕ, ಇಲ್ಲಿ ನೋಡಿ. ಒಂಬತ್ತೂ ನಾಲ್ಕಕ್ಕೆ ಬಾಗಿಲು ತೆರೆದು ತಟ್ಟೆ ತೆಗೆದಿದ್ದೀರಿ. ಒಂಬತ್ತೂ ಹತ್ತಕ್ಕೆ ಮತ್ತೆ ತೆರೆದಿದೆ. ಒಂಬತ್ತೂ ಇಪ್ಪತ್ತೊಂದಕ್ಕೆ ಇನ್ನೊಂದು ಸಲ. ಇದರಲ್ಲೂ ಹಾಗೇ. ಇದರಲ್ಲೂ. ಸೋತ ಎರಡು ದಿನ ಮಾತ್ರ ಈ ಎರಡು ಗೆರೆ ಇಲ್ಲ. ತೊಳೆದ ಮೇಲೆ ತಟ್ಟೆಗಳನ್ನ ವಾಪಸ್ ಒಳಗಿಟ್ಟು ಹನ್ನೊಂದು ನಿಮಿಷ ಏನು ಮಾಡ್ತೀರಾ?"

"ಅದಾ? ಕಾಯ್ತೀನಿ."

"ಏನಕ್ಕೆ?"

"ತೊಳೆದಾಗ ಅವು ಬೆದರಿ ಬಡಿಯೋದು ನಿಲ್ಲಿಸ್ತವಲ್ಲೇ. ಮತ್ತೆ ಬಡಿಯೋಕೆ ಶುರು ಮಾಡಲಿ ಅಂತ ಬೆಚ್ಚಗಿಟ್ಟು ಕಾಯ್ತೀನಿ. ಯಾರು ತಾನೇ ಕಾಯಲ್ಲ?"

"ನಾನು ಕಾಯಲ್ಲ. ತೊಳೆದು ಔಷಧಿ ಹಾಕಿ ಅಂತಷ್ಟೇ ನೀವು ಬರೆದಿದ್ದೀರಿ."

"ಅದನ್ನೂ ಬರೀಬೇಕಾ? ಬಿಸಿಲಲ್ಲಿ ಬಂದವರನ್ನ ಕೂತ್ಕೊಳ್ಳಿ ಅಂತ ಹೇಳದೆ ಬಾಗಿಲಲ್ಲೇ ಊಟ ಬಡಿಸ್ತೀವಾ?" ಎಂದವರು ಅಲ್ಲಿಗೇ ನಿಲ್ಲಿಸಿದರು. ಪಟ್ಟಿಯ ಮೇಲಿದ್ದ ಬೆರಳು ಅಲ್ಲೇ ಉಳಿಯಿತು. "ಅಯ್ಯೋ ನನ್ನ ಬುದ್ಧಿಗಿಷ್ಟು. ಬರೀಬೇಕಿತ್ತು."

ಹೊಸಬಳು ಅದೇ ವಾರ, ತೊಳೆದ ತಟ್ಟೆಗಳನ್ನು ಹನ್ನೊಂದು ನಿಮಿಷ ಒಳಗಿಟ್ಟು ಕಾದು ಮಾಡಿದಳು. ಅರವತ್ತೊಂಬತ್ತು. ಅವಳು ಕಿರುಚಿದ್ದು ಎರಡನೇ ಮಹಡಿಗೆ ಕೇಳಿತಂತೆ. ದೊಡ್ಡಕ್ಕ ಕಿರುಚಲಿಲ್ಲ. "ಕಾದದ್ದರಿಂದ ಬಂತೋ, ಬಡಿತದಿಂದ ಬಂತೋ? ಎರಡನ್ನೂ ಬೇರೆ ಮಾಡಿ ನೋಡು," ಎಂದರು. ದ್ರಾವಣದಲ್ಲಿ ಒಂದು ಲವಣ ಹೆಚ್ಚಿಸಿದರೆ ಕೋಶಗಳು ಸಾಯದೆ ಬಡಿತ ಮಾತ್ರ ನಿಲ್ಲುತ್ತದೆ. ಹಾಗೆ ನಿಲ್ಲಿಸಿ, ಅಷ್ಟೇ ಹೊತ್ತು ಕಾದು, ಇಪ್ಪತ್ತೇಳು ಹಾಕಿದರು. ಮೂವತ್ತೈದು. ಅಲ್ಲಿಗೆ ವಿಷಯ ಖಚಿತವಾಯಿತು. ಇಪ್ಪತ್ತೇಳು ಬಡಿಯುತ್ತಿರುವ ಕೋಶವನ್ನು ಮಾತ್ರ ಕಾಪಾಡುತ್ತದೆ. ನಿಂತ ಕೋಶಕ್ಕೆ ಅದು ನೀರಿದ್ದ ಹಾಗೆ.

ಈ ಫಲಿತಾಂಶ ಪ್ರೊಫೆಸರಿಗೆ ಅರ್ಧ ಸಂತೋಷ, ಅರ್ಧ ಸಂಕಟ ತಂದಿತು. ಪ್ರಬಂಧ ಸುಳ್ಳಾಗಲಿಲ್ಲ. ಆದರೆ ಹೃದಯಾಘಾತವಾದ ಮೇಲೆ ಕೊಡುವ ಔಷಧಿ ಎಂದು ಅವರು ಹತ್ತಾರು ಸಭೆಗಳಲ್ಲಿ ಹೇಳಿದ್ದರು. ಆಘಾತವಾದ ಜಾಗದಲ್ಲಿ ಕೋಶಗಳು ಆಗಲೇ ಬಡಿತ ನಿಲ್ಲಿಸಿರುತ್ತವೆ. ಅಲ್ಲಿ ಇಪ್ಪತ್ತೇಳರಿಂದ ಏನೂ ಆಗದು. ಶಸ್ತ್ರಚಿಕಿತ್ಸೆಗಾಗಿ ಹೃದಯವನ್ನು ಬೇಕೆಂದೇ ನಿಲ್ಲಿಸುವಾಗ, ನಿಲ್ಲಿಸುವುದಕ್ಕೆ ಮೊದಲು ಕೊಟ್ಟರೆ ಪ್ರಯೋಜನವಾದೀತು. ಅದೂ ತಟ್ಟೆಯಲ್ಲಿ ಕಂಡದ್ದು. ಪ್ರಾಣಿಗಳ ಮೇಲಿನ ಪರೀಕ್ಷೆಯವರೆಗೆ ಹೋಗಲು ಇನ್ನೂ ವರ್ಷಗಳಿವೆ. ಪ್ರೊಫೆಸರ್ ಒಂದು ಇಡೀ ದಿನ ಲೆಕ್ಕಗಳನ್ನು ಮತ್ತೆ ನೋಡಿದರು. ಮರುದಿನ ಬಂದು, "ಎಲ್ಲಾ ಬರೆಯೋಣ. ಹೃದಯಾಘಾತಕ್ಕೆ ಆಗಲ್ಲ ಅನ್ನೋದನ್ನ ಮೊದಲ ಪುಟದಲ್ಲೇ," ಎಂದರು. ಅವರ ಮೇಲೆ ನನಗಿದ್ದ ಗೌರವ ಆ ದಿನ ಹೆಚ್ಚಿತು.

ಹೊಸ ವಿಧಾನವನ್ನು ದೊಡ್ಡಕ್ಕ ತಾವೇ ಬರೆದರು. ಒಂದು ಪುಟ ಇದ್ದದ್ದು ನಾಲ್ಕಾಯಿತು. ಬರೆದು ಮುಗಿಸಿ, "ಇದನ್ನ ಮಾಡೋಕೆ ಈ ಮಹಡಿಯಲ್ಲಿ ಎಲ್ಲರಿಗಿಂತ ಕೆಟ್ಟ ಕೈ ಯಾರದು?" ಎಂದು ಕೇಳಿದರು.

ಯಾರೂ ಯೋಚಿಸಬೇಕಾಗಿರಲಿಲ್ಲ. ಎದುರಿನ ಲ್ಯಾಬಿನಲ್ಲಿ ಗಾಜುಪುಡಿ ಎಂಬ ಅಡ್ಡಹೆಸರಿನ ಸಂಶೋಧಕನಿದ್ದ. ಲೆಕ್ಕದಲ್ಲಿ ಚುರುಕು, ಕಂಪ್ಯೂಟರಿನಲ್ಲಿ ನಿಸ್ಸೀಮ. ಕೈಗೆ ಗಾಜು ಕೊಟ್ಟರೆ ಮುಗಿಯಿತು. ಜೀವಕೋಶ ಬೆಳೆಸಿದವನೇ ಅಲ್ಲ.

"ನನ್ನನ್ನ ಗೇಲಿ ಮಾಡೋಕೆ ಕರೆದಿದ್ದೀರಾ ದೊಡ್ಡಕ್ಕ?"

"ಇಲ್ಲಪ್ಪ, ನಿನ್ನಿಂದ ಉಪಕಾರ ಆಗಬೇಕು. ನಿನ್ನ ಕೈಯಲ್ಲಿ ಆದರೆ ಲೋಕದಲ್ಲಿ ಯಾರ ಕೈಯಲ್ಲಾದರೂ ಆಗುತ್ತೆ."

"ಇದು ಹೊಗಳಿಕೆಯಾ?"

"ನನ್ನ ಹತ್ತಿರ ಸದ್ಯಕ್ಕೆ ಇಷ್ಟೇ ಇರೋದು."

ಹೊಸಬಳು ದೊಡ್ಡಕ್ಕನನ್ನು ಕೋಣೆಯಿಂದ ಹೊರಗೆ ಕಳಿಸಿದಳು. "ನೀವು ಒಳಗಿದ್ದರೆ ಕಣ್ಣಲ್ಲೇ ಹೇಳಿಕೊಡ್ತೀರಾ." ಅವರು ಕಾರಿಡಾರಿನಲ್ಲಿ ಎರಡೂ ಕೈ ಕೋಟಿನ ಜೇಬಿಗೆ ತುರುಕಿ ನಿಂತರು. ಒಳಗೆ ಏನೋ ಬಿದ್ದ ಸದ್ದಾಯಿತು. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟವರು ಹಿಂದಕ್ಕೆ ಬಂದರು. ಜೇಬಿನಲ್ಲಿ ಬಳೆಗಳು ಸದ್ದು ಮಾಡುತ್ತಿದ್ದವು. ನಾನು ಅವರ ಪಕ್ಕದಲ್ಲೇ ಇದ್ದೆ. "ಅವನ ಕೈಯಲ್ಲಿ ಬರದಿದ್ದರೆ?" ಎಂದು ಕೇಳಿದೆ.

"ಬರದಿದ್ದರೆ ಇನ್ನೂ ಏನೋ ಬರೆಯೋದು ಬಿಟ್ಟಿದೀನಿ ಅಂತ ಅರ್ಥ."

"ಬಂದರೆ?"

"ಬಂದರೆ ಆರನೇ ಕಲಂ ಖಾಲಿ," ಎಂದರು. "ಬರಲಿ ಅಂತಲೇ ಇದೆ ನನಗೆ. ಬರದಿದ್ದರೆ ಇನ್ನೊಂದು ವರ್ಷ ಸಿಗುತ್ತಲ್ಲ ಅಂತಲೂ ಇದೆ. ಎರಡೂ ನಿಜ."

ಗಾಜುಪುಡಿ ಮೂರು ಸಲ ಮಾಡಿದ. ಮೂರು ತಟ್ಟೆ ಬೀಳಿಸಿದ, ಒಂದು ಬಾಟಲಿ ಒಡೆದ. ಉಳಿದ ತಟ್ಟೆಗಳನ್ನು ನಾನು ಎಣಿಸಿದೆ. ಅರವತ್ತೆಂಟು, ಎಪ್ಪತ್ತೊಂದು, ಅರವತ್ತಾರು. ಚೀಟಿ ಬಿಚ್ಚಿ ಓದಿದಾಗ ದೊಡ್ಡಕ್ಕ ಅವನ ಬೆನ್ನು ತಟ್ಟಿದರು. ಆಮೇಲೆ ಕಿಟಕಿಯಿಲ್ಲದ ಆ ಕೋಣೆಗೆ ಹೋಗಿ, ಅವನು ಚೆಲ್ಲಿದ್ದನ್ನು ಬಗ್ಗಿ ಒರೆಸಿದರು.

ಎರಡನೇ ಪ್ರಬಂಧದಲ್ಲಿ ಹೊಸಬಳ ಹೆಸರು ಮೊದಲು, ದೊಡ್ಡಕ್ಕನದು ಎರಡನೆಯದು. ಹತ್ತೊಂಬತ್ತು ವರ್ಷದಲ್ಲಿ ಅವರ ಹೆಸರು ಅಚ್ಚಾದದ್ದು ಅದೇ ಮೊದಲು. ಅಲ್ಲಿಯವರೆಗೆ ಕೊನೆಯ ಸಾಲಿನ ಧನ್ಯವಾದದಲ್ಲಿರುತ್ತಿದ್ದರು. ಪತ್ರ ಬರೆದಿದ್ದ ಸಂಸ್ಥೆಯವರು ಹೊಸ ವಿಧಾನದಂತೆ ಮಾಡಿ, ತಮಗೂ ಅರವತ್ತೇಳು ಬಂತೆಂದು ಬರೆದರು. ಹೊಸಬಳಿಗೆ ಬೇರೊಂದು ಕಡೆ ಮೂರು ವರ್ಷದ ಹುದ್ದೆ ಸಿಕ್ಕಿತು. ಹೊರಡುವ ದಿನ ಅವಳು ದೊಡ್ಡಕ್ಕನನ್ನು ತಬ್ಬಿಕೊಂಡು ಅತ್ತಳು. "ಸಿಟ್ಟು ಬರಲ್ಲ, ಅಳು ಮಾತ್ರ ಬರುತ್ತೆ ನೋಡು," ಎಂದು ಅವರೂ ಕಣ್ಣೊರೆಸಿಕೊಂಡರು.

ನಮೂನೆ ಬಂದಾಗ ಪ್ರೊಫೆಸರ್ ಹಳೆಯ ವಾಕ್ಯವನ್ನೇ ಬರೆಯಹೊರಟರು. ದೊಡ್ಡಕ್ಕ ಬಿಡಲಿಲ್ಲ. "ಈಗ ಅದು ಸುಳ್ಳಾಗುತ್ತೆ ಸರ್. ಅಚ್ಚಾಗಿರೋ ಪೇಪರೇ ಸಾಕ್ಷಿ." ಪ್ರೊಫೆಸರ್ ಬೇರೆ ಕಾರಣಗಳನ್ನು ಎರಡು ಪುಟ ಬರೆದರು. ಕಚೇರಿ ಎರಡು ಪುಟ ಓದುವ ಜಾಗವಲ್ಲ. ಒಂದು ವರ್ಷದ ಬದಲು ಆರು ತಿಂಗಳು ಕೊಟ್ಟು, ನಂತರ ಪರಿಶೀಲಿಸಲಾಗುವುದು ಎಂದು ಮೊಹರು ಹಾಕಿತು. ಯಜಮಾನರು ಆ ಕಾಗದವನ್ನು ಎರಡು ಸಲ ಓದಿ, ಮಡಚಿ ಕೊಟ್ಟರಂತೆ. "ಬೈದಿದ್ದರೆ ವಾಸಿಯಿತ್ತು," ಎಂದರು ದೊಡ್ಡಕ್ಕ.

ಆರು ತಿಂಗಳು ಮುಗಿದ ಮೇಲೆ ನಮ್ಮ ಲ್ಯಾಬಿನಲ್ಲಿ ಅವರ ಹುದ್ದೆ ಉಳಿಯಲಿಲ್ಲ. ಅಷ್ಟರೊಳಗೆ ಎರಡನೇ ಮಹಡಿಯವರು ಬಂದು ಅವರನ್ನು ತಮ್ಮ ಲ್ಯಾಬಿಗೆ ಕೇಳಿದ್ದರು. ಅವರಲ್ಲೂ ಒಂದು ಪ್ರಯೋಗ ಒಬ್ಬರ ಕೈಯಲ್ಲಿ ಬಂದರೆ ಇನ್ನೊಬ್ಬರ ಕೈಯಲ್ಲಿ ಬರುತ್ತಿರಲಿಲ್ಲ. ಈಗ ದೊಡ್ಡಕ್ಕ ಅಲ್ಲಿದ್ದಾರೆ, ಮತ್ತೆ ಒಂದೊಂದೇ ವರ್ಷದ ಲೆಕ್ಕದಲ್ಲಿ. ಅಲ್ಲಿ ಕಿಟಕಿ ಇದೆ.

ಕಳೆದ ತಿಂಗಳು ಅವರನ್ನು ನೋಡಲು ಹೋಗಿದ್ದೆ. ಒಬ್ಬ ವಿದ್ಯಾರ್ಥಿನಿ ತಾನು ಬರೆದ ವಿಧಾನವನ್ನು ತೋರಿಸುತ್ತಿದ್ದಳು. ದೊಡ್ಡಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಮೂರನೇ ಸಾಲಿನ ಮೇಲೆ ಪೆನ್ನು ಇಟ್ಟಿದ್ದರು.

"ಇಲ್ಲಿ ಮೆಲ್ಲಗೆ ಸುರಿಯಬೇಕು ಅಂತ ಬರೆದಿದೀಯ. ಮೆಲ್ಲಗೆ ಅಂದರೆ ಎಷ್ಟು?"

"ಮೆಲ್ಲಗೆ ಅಂದ್ರೆ... ಮೆಲ್ಲಗೇ ದೊಡ್ಡಕ್ಕ."

"ನಿನ್ನ ಮೆಲ್ಲಗೆ ಬೇರೆ, ನನ್ನ ಮೆಲ್ಲಗೆ ಬೇರೆ. ಪಿಪೆಟ್ ತಗೋ. ನಿನ್ನ ಕೈ ಹೇಗೆ ಸುರಿಯುತ್ತೋ ಹಾಗೇ ಸುರಿ, ಸೆಕೆಂಡಿಗೆ ಎಷ್ಟು ಹನಿ ಅಂತ ಇವನು ಎಣಿಸ್ತಾನೆ. ಎಣಿಸೋದು ಇವನಿಗೆ ಚೆನ್ನಾಗಿ ಬರುತ್ತೆ."

ನಾನು ಚೀಲ ಕೆಳಗಿಟ್ಟು ಎಣಿಸತೊಡಗಿದೆ.